ಟ್ರಾಕ್ಟರಿನ ಪವರ್ ಸ್ಟೀರಿಂಗ್ ಹೋಸ್ ಪೈಪನ್ನು ಮನೆಯಲ್ಲಿಯೇ ಬದಲಾಯಿಸುವ ಕ್ರಮ

ಎತ್ತಿನ ಗಾಡಿಯೂ ಮರದ ನೇಗಿಲೂ ಇದ್ದ ಅನೇಕ ಹಟ್ಟಿಗಳಲ್ಲಿ ಈಗ ಟ್ರಾಕ್ಟರು ಬಂದು ನಿಂತಿರುವುದು. ಬೆಳಗಾವಿ, ಬಾಗಲಕೋಟೆ ಮೊದಲಾದ ಜಿಲ್ಲೆಗಳ ಕಬ್ಬಿನ ಸೀಮೆಯಲ್ಲಿ ಅದು ಭೂಮಿಯನ್ನು ಉಳುವುದಲ್ಲದೆ, ಕಡಿದ ಕಬ್ಬನ್ನು ಎರಡೆರಡು ಟ್ರೈಲರುಗಳಲ್ಲಿ ಹೊತ್ತು ಕಾರ್ಖಾನೆಗೂ ಸಾಗಿಸುತ್ತದೆ. ಇಂತಹ ಬೆಲೆಬಾಳುವ ಯಂತ್ರದ ಎಂಜಿನ್ನು, ಟೈರು, ಬ್ಯಾಟರಿಗಳ ವಿಷಯದಲ್ಲಿ ಒಡೆಯರು ತಕ್ಕಷ್ಟು ಎಚ್ಚರಿಕೆಯನ್ನು ತೋರಿಸುವರಾದರೂ, ಸ್ಟೀರಿಂಗಿಗೆ ಎಣ್ಣೆಯನ್ನು ಒಯ್ಯುವ ಹೋಸ್ ಪೈಪಿನ ಕಡೆಗೆ ಕಣ್ಣು ಹಾಯಿಸುವವರು ವಿರಳ. ಕಪಿಲೆ ಹೊಡೆಯುತ್ತಿದ್ದ ಕಾಲದಲ್ಲಿ ಹಗ್ಗದ ಎಳೆ ಸವೆದುದನ್ನು ಕಂಡ ಒಕ್ಕಲಿಗನು ಅದು ಹರಿದು ಬಾನಿ ಬಾವಿಗೆ ಬೀಳುವವರೆಗೆ ಕಾಯುತ್ತಿರಲಿಲ್ಲ. ಹೋಸ್ ಪೈಪಿನ ವಿಷಯದಲ್ಲಿಯೂ ಅದೇ ವಿವೇಕವು ಅವಶ್ಯಕ.

ಹೋಸ್ ಪೈಪಿನ ಕೆಲಸ

ಎಣ್ಣೆಯ ಒತ್ತಡದಿಂದ ಸ್ಟೀರಿಂಗನ್ನು ಹಗುರಮಾಡುವ ಏರ್ಪಾಡನ್ನು ಅಮೆರಿಕದ ಎಂಜಿನಿಯರ್ ಫ್ರಾನ್ಸಿಸ್ ಡೇವಿಸ್ ಎಂಬವರು 1926 ರಲ್ಲಿ ಒಂದು ಮೋಟಾರು ಕಾರಿಗೆ ಅಳವಡಿಸಿ ತೋರಿಸಿದರು. ಮಾರಾಟದ ಕಾರುಗಳಲ್ಲಿ ಅದು 1951 ರಲ್ಲಿ ಕ್ರೈಸ್ಲರ್ ಕಂಪೆನಿಯ ಇಂಪೀರಿಯಲ್ ಎಂಬ ಗಾಡಿಯೊಡನೆ ಬಳಕೆಗೆ ಬಂದಿತು. ಟ್ರಾಕ್ಟರಿನಲ್ಲಿ ಈ ಏರ್ಪಾಡು ಹೀಗಿರುವುದು: ಎಂಜಿನ್ನಿನಿಂದ ತಿರುಗುವ ಪಂಪು ಎಣ್ಣೆಯನ್ನು ಒತ್ತಿ ಸ್ಟೀರಿಂಗ್ ಚಕ್ರದ ಬುಡದಲ್ಲಿರುವ ಘಟಕಕ್ಕೆ ಕಳುಹಿಸುವುದು. ಆ ಘಟಕವು ಚಕ್ರವು ತಿರುಗಿದ ದಿಕ್ಕನ್ನು ಅನುಸರಿಸಿ ಎಣ್ಣೆಯನ್ನು ಮುಂದಿನ ಅಚ್ಚಿನ ಮೇಲಿರುವ ಸಿಲಿಂಡರಿನ ಎಡಭಾಗಕ್ಕಾಗಲಿ ಬಲಭಾಗಕ್ಕಾಗಲಿ ನೂಕುವುದು. ಉಳಿದ ಎಣ್ಣೆಯು ಟ್ಯಾಂಕಿಗೆ ಹಿಂದಿರುಗುವುದು. ಹೀಗೆ ಪಂಪಿನಿಂದ ಒಂದು, ಟ್ಯಾಂಕಿಗೆ ಒಂದು, ಸಿಲಿಂಡರಿಗೆ ಎರಡು ದಾರಿಗಳಾಗುವುವು. ಘಟಕದ ಮೇಲೆ ಇವುಗಳ ಬಾಯಿಗಳಿಗೆ ಕ್ರಮವಾಗಿ ಪಿ, ಟಿ, ಎಲ್, ಆರ್ ಎಂಬ ಇಂಗ್ಲಿಷ್ ಅಕ್ಷರಗಳ ಗುರುತು ಇರುವುದುಂಟು.

ಈ ಬಗೆಯ ಪೂರ್ಣ ಎಣ್ಣೆಯ ಸ್ಟೀರಿಂಗಿನಲ್ಲಿ ಚಾಲಕನ ಕೈಯಲ್ಲಿರುವ ಚಕ್ರಕ್ಕೂ ನೆಲದ ಮೇಲಿನ ಚಕ್ರಗಳಿಗೂ ಕಬ್ಬಿಣದ ಸಂಬಂಧವೇ ಇಲ್ಲ. ಇರುವ ಸಂಬಂಧವು ಹೋಸ್ ಪೈಪಿನೊಳಗಿನ ಎಣ್ಣೆಯೊಂದೇ. ಎಂಜಿನ್ನು ನಿಂತಾಗ ಎಣ್ಣೆಯಿದ್ದರೆ ಬಲವಾಗಿ ತಿರುಗಿಸಿ ಗಾಡಿಯನ್ನು ಪಕ್ಕಕ್ಕೆ ತರಬಹುದು. ಆದರೆ ಸಿಲಿಂಡರಿಗೆ ಹೋಗುವ ಪೈಪು ಒಡೆದು ಎಣ್ಣೆಯು ಚೆಲ್ಲಿಹೋದರೆ ಚಕ್ರವು ಸುಮ್ಮನೆ ಸುತ್ತುವುದೇ ಹೊರತು ಗಾಡಿಯು ತಿರುಗುವುದಿಲ್ಲ. ಕಬ್ಬು ತುಂಬಿದ ಟ್ರೈಲರುಗಳನ್ನು ಕಟ್ಟಿಕೊಂಡು ಕಾಲುವೆಯ ಏರಿಯ ಮೇಲೆ ಹೋಗುತ್ತಿರುವಾಗ ಹೀಗಾದರೆ ಒದಗತಕ್ಕ ಅನರ್ಥವನ್ನು ಬಣ್ಣಿಸಬೇಕಾದುದಿಲ್ಲ.

ಕೆಡುವುದಕ್ಕೆ ಮುಂಚಿನ ಸೂಚನೆಗಳು

ಒಳಗೆ ಎಣ್ಣೆಗೆ ಕರಗದ ಕೃತಕ ರಬ್ಬರಿನ ಕೊಳವೆ, ಅದರ ಮೇಲೆ ಉಕ್ಕಿನ ತಂತಿಯ ಹೆಣಿಗೆ, ಹೊರಗೆ ಬಿಸಿಲು ಮಳೆಗಳನ್ನು ತಡೆಯುವ ಇನ್ನೊಂದು ರಬ್ಬರಿನ ಹೊದಿಕೆ, ಇವು ಒತ್ತಡದ ಪೈಪಿನ ಮೂರು ಪದರಗಳು. ಹೊರಗಿನ ಹೊದಿಕೆಯು ಬಿರಿದರೆ ನೀರು ತಂತಿಗೆ ತಗುಲಿ ತುಕ್ಕು ಹಿಡಿಯುವುದು. ತುಕ್ಕು ಹಿಡಿದ ತಂತಿಯು ಒತ್ತಡವನ್ನು ತಾಳಲಾರದು. ಸಿಲಿಂಡರಿಗೆ ಹೋಗುವ ಎರಡು ಪೈಪುಗಳು ಪ್ರತಿ ತಿರುವಿನಲ್ಲಿಯೂ ಬಾಗುವುವು. ಕೂಳೆ, ಕಲ್ಲು, ಕೆಸರುಗಳಿಗೂ ಅವೇ ಹತ್ತಿರ. ಆದುದರಿಂದ ಅವುಗಳನ್ನು ಮೊದಲು ಪರೀಕ್ಷಿಸತಕ್ಕದ್ದು.

ಪೈಪಿನ ಮೈಯಲ್ಲಿ ಬಿರುಕು, ಉಬ್ಬು, ಉಜ್ಜಿ ಕಾಣುವ ತಂತಿ; ನಟ್ಟಿನ ಬುಡದಲ್ಲಿ ಎಣ್ಣೆ ಸೇರಿ ಅಂಟಿದ ಧೂಳು; ಟ್ಯಾಂಕಿಯಲ್ಲಿ ಮತ್ತೆ ಮತ್ತೆ ಇಳಿಯುವ ಎಣ್ಣೆ; ತಿರುಗಿಸುವಾಗ ಪಂಪಿನ ಕೊರಗು; ಸ್ಟೀರಿಂಗು ಒಮ್ಮೆ ಹಗುರ, ಒಮ್ಮೆ ಭಾರವಾಗುವುದು, ಇವುಗಳಲ್ಲಿ ಯಾವುದೊಂದು ಕಂಡರೂ ಉದಾಸೀನ ಮಾಡಲಾಗದು. ದಿನಕ್ಕೊಂದು ಲೋಟ ಎಣ್ಣೆಯನ್ನು ಹೊಯ್ಯುತ್ತ ಕಾಲ ತಳ್ಳುವುದು ಮಿತವ್ಯಯವೆನಿಸದು.

ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ

ಟ್ರಾಕ್ಟರಿನ ಮುಂದಿನ ಟೈರಿನ ಗಾಳಿಯ ಒತ್ತಡವು ಚದರ ಸೆಂಟಿಮೀಟರಿಗೆ ಸುಮಾರು 2 ಕಿಲೋಗ್ರಾಂ. ಸ್ಟೀರಿಂಗಿನ ಪೈಪಿನಲ್ಲಾದರೋ ಚಕ್ರವನ್ನು ಕೊನೆಯವರೆಗೆ ತಿರುಗಿಸಿದಾಗ ಅದು ಸುಮಾರು 100 ಕಿಲೋಗ್ರಾಮಿಗೆ ಏರಬಲ್ಲುದು. ಸೂಜಿಯ ಮೊನೆಯಷ್ಟು ತೂತಿನಿಂದ ಹೊರಡುವ ಎಣ್ಣೆಯ ಎಳೆಯು ಕಣ್ಣಿಗೆ ಕಾಣದೆ ಇರಬಹುದು. 7 ಕಿಲೋಗ್ರಾಂ ಒತ್ತಡವಿದ್ದರೂ ಸಾಕು, ಅದು ಚರ್ಮವನ್ನು ಭೇದಿಸಿ ಒಳಹೊಗಬಲ್ಲುದು.

ಸೋರುವ ಜಾಗವನ್ನು ಕೈಯಿಂದ ತಡವಿ ನೋಡುವ ಅಭ್ಯಾಸವು ಚಾಲಕರಲ್ಲಿ ಇದೆ. ಹಾಗೆ ತಡವಿದವನ ಬೆರಳಿನಲ್ಲಿ ಮುಳ್ಳು ಚುಚ್ಚಿದಷ್ಟೇ ಗುರುತು ಕಾಣುವುದು. ಮೊದಲು ನೋವೂ ಅಲ್ಪವೇ. ಆದರೆ ಒಳಹೊಕ್ಕ ಎಣ್ಣೆಯು ಮಾಂಸವನ್ನು ಕೆಡಿಸುತ್ತ ಹೋಗುವುದು. ಕೆಲವು ಗಂಟೆಗಳೊಳಗಾಗಿ ಶಸ್ತ್ರಚಿಕಿತ್ಸೆಯಾಗದಿದ್ದರೆ ಬೆರಳನ್ನು, ಕೆಲವೊಮ್ಮೆ ಕೈಯನ್ನೇ ಕಳೆದುಕೊಳ್ಳುವ ಅಪಾಯವಿದೆ. ಗಾಯವನ್ನು ಹಿಸುಕುವುದು, ಸೊಪ್ಪಿನ ರಸ ಕಟ್ಟುವುದು, ನಾಳೆ ನೋಡೋಣವೆನ್ನುವುದು ಯಾವುದೂ ಸಲ್ಲದು. ಅವನನ್ನು ಆ ಕ್ಷಣವೇ ಶಸ್ತ್ರವೈದ್ಯರಿರುವ ಆಸ್ಪತ್ರೆಗೆ ಕೊಂಡೊಯ್ದು, ಒತ್ತಡದ ಎಣ್ಣೆಯು ಒಳಹೊಕ್ಕಿದೆಯೆಂದು ಸ್ಪಷ್ಟವಾಗಿ ತಿಳಿಸಿ, ಎಣ್ಣೆಯ ಡಬ್ಬಿಯನ್ನೂ ತೋರಿಸತಕ್ಕದ್ದು.

ಸೋರಿಕೆಯನ್ನು ಹುಡುಕುವಾಗ ಕನ್ನಡಕ ಧರಿಸಿ, ಉದ್ದವಾದ ರಟ್ಟಿನ ತುಂಡನ್ನು ದೂರದಿಂದ ಪೈಪಿನ ಬಳಿಗೆ ಹಿಡಿಯಬೇಕು. ಸೋರಿಕೆಯಿದ್ದರೆ ರಟ್ಟಿನ ಮೇಲೆ ಎಣ್ಣೆಯ ಕಲೆ ಬೀಳುವುದು. ಎಂಜಿನ್ನು ಓಡುತ್ತಿರುವಾಗ ಯಾವ ನಟ್ಟನ್ನೂ ಬಿಗಿಯಕೂಡದು, ಸಡಿಲಿಸಲೂ ಕೂಡದು.

ಹೊಸ ಪೈಪನ್ನು ಕೊಳ್ಳುವುದು

ಟ್ರಾಕ್ಟರಿನ ನಮೂನೆಯನ್ನು ಹೇಳಿ ಕಂಪೆನಿಯ ಪೈಪನ್ನೇ ತರುವುದು ಉತ್ತಮ. ಅದು ದೊರೆಯದಿದ್ದರೆ ಹಳೆಯ ಪೈಪನ್ನು ಪಟ್ಟಣದಲ್ಲಿ ಹೈಡ್ರಾಲಿಕ್ ಪೈಪು ಮಾಡುವ ಅಂಗಡಿಗೆ ಒಯ್ದು, ಅದೇ ಉದ್ದ, ಅದೇ ಒಳ ಅಳತೆ, ಅದೇ ಮರೆಯ ತುದಿಗಳು ಇರುವಂತೆ ಹೊಸದನ್ನು ಯಂತ್ರದಲ್ಲಿ ಒತ್ತಿಸಿ ತರಬಹುದು. ಪೈಪಿನ ಮೈಮೇಲೆ ಮುದ್ರಿಸಿರುವ ಒತ್ತಡದ ಅಂಕಿಯು ಹಳೆಯದಕ್ಕಿಂತ ಕಡಮೆಯಾಗಿರಕೂಡದು. ಡೀಸೆಲ್ ಪೈಪು, ನೀರಿನ ಪೈಪುಗಳನ್ನು ಕ್ಲಿಪ್ಪು ಹಾಕಿ ಬಳಸುವುದಾಗಲಿ, ಒಡೆದ ಜಾಗಕ್ಕೆ ಸೈಕಲ್ಲಿನ ಟ್ಯೂಬು ಸುತ್ತುವುದಾಗಲಿ ಪ್ರಾಣಾಪಾಯಕ್ಕೆ ದಾರಿ. ಟ್ಯಾಂಕಿಗೆ ಹಿಂದಿರುಗುವ ಪೈಪಿನಲ್ಲಿ ಒತ್ತಡ ಅಲ್ಪವಾದುದರಿಂದ ಅಲ್ಲಿ ಕ್ಲಿಪ್ಪು ಇರುವುದುಂಟು. ಆದರೆ ಆ ಪೈಪೂ ಎಣ್ಣೆಯನ್ನು ತಾಳುವ ಜಾತಿಯದೇ ಆಗಿರಬೇಕು.

ಬದಲಾಯಿಸುವ ಕ್ರಮ

1. ಟ್ರಾಕ್ಟರನ್ನು ಸಮನೆಲದಲ್ಲಿ ನಿಲ್ಲಿಸಿ, ಹಿಂದಿನ ಉಪಕರಣವನ್ನು ನೆಲಕ್ಕೆ ಇಳಿಸಿ, ಬ್ರೇಕು ಹಾಕಿ, ಹಿಂಚಕ್ರಗಳಿಗೆ ಕಲ್ಲು ಕೊಟ್ಟು, ಎಂಜಿನ್ನನ್ನು ನಿಲ್ಲಿಸಿ ಬೀಗದ ಕೈಯನ್ನು ತೆಗೆದಿಡುವುದು. ಎಣ್ಣೆಯು ಆರುವವರೆಗೆ ಕಾಯುವುದು. ಬಳಿಕ ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ಕೆಲವು ಸಾರಿ ತಿರುಗಿಸಿದರೆ ಉಳಿದ ಒತ್ತಡವು ಇಳಿಯುವುದು.

2. ಎರಡು ತುದಿಗಳ ನಟ್ಟುಗಳ ಸುತ್ತ ಇರುವ ಮಣ್ಣನ್ನು ಡೀಸೆಲಿನಿಂದ ತೊಳೆದು ಒರಸುವುದು. ಪಂಪಿನ ಒಳಭಾಗಗಳ ನಡುವಣ ಸಂದು ಕೂದಲಿಗಿಂತಲೂ ಸಣ್ಣದಾದುದರಿಂದ ಒಂದು ಚಿಟಿಕೆ ಮರಳು ಸಹ ಅದನ್ನು ಕೆಡಿಸಲು ಸಾಕು.

3. ಪೈಪು ಹೋಗುವ ದಾರಿಯನ್ನು ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡು, ತುದಿಗಳಿಗೆ ಬಣ್ಣದ ದಾರದ ಗುರುತು ಕಟ್ಟುವುದು. ಎಡಬಲದ ಪೈಪುಗಳು ಅದಲುಬದಲಾದರೆ ಚಾಲಕನು ಎಡಕ್ಕೆ ತಿರುಗಿಸಿದಾಗ ಗಾಡಿಯು ಬಲಕ್ಕೆ ಹೋಗುವುದು.

4. ಕೆಳಗೆ ಬೋಗುಣಿಯಿಟ್ಟು, ಒಂದು ಸ್ಪ್ಯಾನರಿನಿಂದ ಬುಡವನ್ನು ಹಿಡಿದು ಮತ್ತೊಂದರಿಂದ ನಟ್ಟನ್ನು ಸಡಿಲಿಸುವುದು. ತೆರೆದ ಬಾಯಿಗಳನ್ನು ಕೂಡಲೆ ಶುಭ್ರವಾದ ಮುಚ್ಚಳದಿಂದಾಗಲಿ ಪಾಲಿಥಿನ್ ಹಾಳೆಯಿಂದಾಗಲಿ ಮುಚ್ಚುವುದು. ಬಟ್ಟೆಯನ್ನು ತುರುಕಿದರೆ ಅದರ ನೂಲು ಒಳಗೆ ಉಳಿಯುವುದು.

5. ಹೊಸ ಪೈಪನ್ನು ಹಳೆಯದರ ಪಕ್ಕದಲ್ಲಿಟ್ಟು ಹೋಲಿಸಿ ನೋಡುವುದು. ಓ-ರಿಂಗು ಇರುವ ಜಾಗದಲ್ಲಿ ಹೊಸ ಓ-ರಿಂಗನ್ನು ಎಣ್ಣೆ ಸವರಿ ಹಾಕುವುದು. ಮರೆಗೆ ಬಿಳಿಯ ಟೇಪನ್ನು ಸುತ್ತಕೂಡದು. ಅದರ ಚೂರುಗಳು ವಾಲ್ವಿನಲ್ಲಿ ಸಿಕ್ಕುವುವು.

6. ನಟ್ಟನ್ನು ಮೊದಲು ಕೈಯಿಂದಲೇ ಮೂರು ನಾಲ್ಕು ಸುತ್ತು ತಿರುಗಿಸಿ, ಮರೆಯು ನೇರವಾಗಿ ಕೂತಿದೆಯೆಂದು ಖಚಿತವಾದ ಮೇಲೆ ಸ್ಪ್ಯಾನರು ಹಿಡಿಯುವುದು. ಬಿಗಿಯುವಾಗ ಪೈಪು ಮುರಿಚಿಕೊಳ್ಳದಂತೆ ನೋಡಬೇಕು. ಅದರ ಮೈಮೇಲಿನ ಅಕ್ಷರಗಳ ಸಾಲು ನೇರವಾಗಿದ್ದರೆ ಸರಿ. ಬಳ್ಳಿಯಂತೆ ಸುತ್ತಿಕೊಂಡಿದ್ದರೆ ಸಡಿಲಿಸಿ ಮತ್ತೆ ಕೂಡಿಸತಕ್ಕದ್ದು. ಪೈಪು ಸೈಲೆನ್ಸರಿಗೆ ತಾಗದೆ, ಅಚ್ಚಿಗೆ ಉಜ್ಜದೆ, ಪೂರ್ಣ ತಿರುವಿನಲ್ಲಿಯೂ ಬಿಗಿದು ನಿಲ್ಲದೆ ಸ್ವಲ್ಪ ಸಡಿಲವಾಗಿರಬೇಕು.

ಗಾಳಿಯನ್ನು ಹೊರಪಡಿಸುವುದು

ಕೈಪಿಡಿಯಲ್ಲಿ ಹೇಳಿರುವ ಎಣ್ಣೆಯನ್ನೇ ಗುರುತಿನವರೆಗೆ ತುಂಬತಕ್ಕದ್ದು. ಮುಂದಿನ ಅಚ್ಚನ್ನು ಜಾಕಿನಿಂದ ಎತ್ತಿ, ಎರಡು ಕಡೆಯಲ್ಲಿಯೂ ಗಟ್ಟಿಯಾದ ಸ್ಟ್ಯಾಂಡು ಕೊಡಬೇಕು, ಜಾಕನ್ನೊಂದನ್ನೇ ನಂಬಕೂಡದು. ಎಂಜಿನ್ನನ್ನು ಚಾಲೂ ಮಾಡದೆ ಸ್ಟೀರಿಂಗನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಹತ್ತು ಹದಿನೈದು ಸಾರಿ ಮೆಲ್ಲನೆ ತಿರುಗಿಸಿ, ಎಣ್ಣೆ ಇಳಿದಂತೆಲ್ಲ ತುಂಬುತ್ತಿರಬೇಕು. ಆಮೇಲೆ ಗೇರು ನ್ಯೂಟ್ರಲಿನಲ್ಲಿ ಇರುವುದನ್ನು ನೋಡಿಕೊಂಡು ಎಂಜಿನ್ನನ್ನು ನಿಧಾನದಲ್ಲಿ ಓಡಿಸಿ ಹಾಗೆಯೇ ತಿರುಗಿಸುವುದು. ಕೊನೆಯಲ್ಲಿ ಐದು ಸೆಕೆಂಡಿಗಿಂತ ಹೆಚ್ಚಾಗಿ ಒತ್ತಿಹಿಡಿದರೆ ಎಣ್ಣೆಯು ಕಾದು ಪಂಪಿಗೆ ಕೇಡಾಗುವುದು. ಟ್ಯಾಂಕಿಯ ಎಣ್ಣೆಯಲ್ಲಿ ನೊರೆಯಿದ್ದರೆ ಗಾಳಿಯು ಇನ್ನೂ ಉಳಿದಿದೆಯೆಂದು ತಿಳಿದು, ನಿಲ್ಲಿಸಿ, ನೊರೆ ಇಳಿದ ಮೇಲೆ ಪುನಃ ಮಾಡತಕ್ಕದ್ದು. ಕೊನೆಗೆ ರಟ್ಟಿನಿಂದ ಸೋರಿಕೆಯನ್ನು ಪರೀಕ್ಷಿಸಿ, ಟ್ರೈಲರಿಲ್ಲದೆ ಬಯಲಿನಲ್ಲಿ ಮೆಲ್ಲನೆ ಓಡಿಸಿ ನೋಡುವುದು. ಮೊದಲನೆಯ ದಿನದ ಕೆಲಸವಾದ ಮೇಲೆ ಎಣ್ಣೆಯ ಮಟ್ಟವನ್ನೂ ನಟ್ಟುಗಳನ್ನೂ ಮತ್ತೊಮ್ಮೆ ನೋಡತಕ್ಕದ್ದು.

ಕಾರು ಮತ್ತು ಜೀಪುಗಳು

ಎಣ್ಣೆಯ ಸ್ಟೀರಿಂಗುಳ್ಳ ಕಾರು, ಜೀಪುಗಳಿಗೂ ಈ ಕ್ರಮವೇ ಬಹುಮಟ್ಟಿಗೆ ಅನ್ವಯಿಸುವುದು. ಅವುಗಳ ಎಣ್ಣೆಯ ಜಾತಿಯನ್ನು ಟ್ಯಾಂಕಿಯ ಮುಚ್ಚಳದ ಮೇಲಾಗಲಿ ಕೈಪಿಡಿಯಲ್ಲಾಗಲಿ ನೋಡಿ ತಿಳಿಯಬೇಕು. ಬ್ರೇಕಿನ ಎಣ್ಣೆಯನ್ನು ಹೊಯ್ದರೆ ರಬ್ಬರಿನ ಸೀಲುಗಳೆಲ್ಲ ಹಾಳಾಗುವುವು. ಈಚಿನ ಸಣ್ಣ ಕಾರುಗಳಲ್ಲಿ ಅನೇಕವು ವಿದ್ಯುತ್ತಿನ ಸ್ಟೀರಿಂಗುಳ್ಳವು. ಅವುಗಳಲ್ಲಿ ಎಣ್ಣೆಯೂ ಇಲ್ಲ, ಪೈಪೂ ಇಲ್ಲ.

ಬೋಗುಣಿಯಲ್ಲಿ ಉಳಿದ ಹಳೆಯ ಎಣ್ಣೆಯನ್ನು ಹೊಲಕ್ಕಾಗಲಿ ಕಾಲುವೆಗಾಗಲಿ ಚೆಲ್ಲದೆ, ಡಬ್ಬಿಯಲ್ಲಿ ಶೇಖರಿಸಿ, ಬಳಸಿದ ಎಣ್ಣೆಯನ್ನು ಕೊಳ್ಳುವವರಿಗೆ ಕೊಡುವುದು ಒಳ್ಳೆಯದು.

ಊರಿನ ಮುಖಂಡರ ಕರ್ತವ್ಯ

ಇದು ಸಾವಧಾನದಿಂದ ಮಾಡಿದರೆ ಅರ್ಧ ದಿನದಲ್ಲಿ ಮುಗಿಯುವ ಕೆಲಸ. ಸ್ಪ್ಯಾನರುಗಳು, ಎರಡು ಸ್ಟ್ಯಾಂಡುಗಳು, ಬಾಯಿ ಮುಚ್ಚುವ ಮುಚ್ಚಳಗಳು, ಕನ್ನಡಕ, ಇಷ್ಟನ್ನು ನಾಲ್ಕಾರು ಮನೆಯವರು ಕೂಡಿ ಇಟ್ಟುಕೊಂಡರೆ ಊರಿಗೆಲ್ಲ ಅನುಕೂಲ. ಆದರೆ ಟ್ರಾಕ್ಟರಿನ ಒಡೆಯನು ಒಬ್ಬ, ಅದರ ಮೇಲೆ ಕೂರುವವನು ಅನೇಕ ವೇಳೆ ಕೂಲಿಗೆ ಬಂದ ಹುಡುಗ. ಪೈಪು ಸೋರಿದಾಗ ಕೈಯಿಟ್ಟು ನೋಡುವವನೂ ಅವನೇ. ಅವನ ಸಂಸಾರವು ಆ ಕೈಯ ಮೇಲೆಯೇ ನಿಂತಿರುವುದು. ಎಣ್ಣೆಯು ಸೋರಿದರೆ ಎಂಜಿನ್ನನ್ನು ನಿಲ್ಲಿಸಬೇಕು, ಕೈಯಿಂದ ಮುಟ್ಟಕೂಡದು, ಚುಚ್ಚಿದರೆ ಒಡನೆಯೇ ಹೇಳಬೇಕು ಎಂಬ ಮೂರು ಮಾತುಗಳನ್ನು ಅವನಿಗೆ ತಿಳಿಸಿ, ಹಾಗೆ ಅವನು ಕೆಲಸ ನಿಲ್ಲಿಸಿದಾಗ ಗದರಿಸದೆ ಇರುವುದು ಪ್ರತಿಯೊಬ್ಬ ಜಮೀನುದಾರನ ಕರ್ತವ್ಯ. ಮುಂದಿನ ಹಂಗಾಮಿಗೆ ಟ್ರಾಕ್ಟರನ್ನು ಹೊರಡಿಸುವ ಮುನ್ನ ನಾಲ್ಕು ಪೈಪುಗಳನ್ನೂ ಒಮ್ಮೆ ಹಗಲು ಬೆಳಕಿನಲ್ಲಿ ನೋಡುವುದು ಸರ್ವರಿಗೂ ಶ್ರೇಯಸ್ಕರ.