ತಾನಾಗಿ ಆರುವ ಗೀಸರು



ಸ್ನಾನದ ನಡುವೆ ಬಿಸಿನೀರು ಹಠಾತ್ತನೆ ತಣ್ಣೀರಾಗುವುದು ಗ್ಯಾಸ್ ಗೀಸರುಳ್ಳ ಮನೆಗಳಲ್ಲಿ ಅಪರೂಪವಲ್ಲ. ನಲ್ಲಿಯನ್ನು ಮುಚ್ಚಿ ತೆರೆದರೆ ಉರಿ ಹೊತ್ತುತ್ತದೆ. ಸ್ವಲ್ಪ ಹೊತ್ತಿಗೆ ಮತ್ತೆ ಆರುತ್ತದೆ. ಯಂತ್ರ ಕೆಟ್ಟಿತೆಂದು ನಾವು ಬೇಸರಪಡುತ್ತೇವೆ. ಆದರೆ ಅನೇಕ ವೇಳೆ ಅದು ನಮ್ಮನ್ನು ಕಾಯುವುದಕ್ಕಾಗಿಯೇ ಆರಿರುತ್ತದೆ. ಇದಕ್ಕೆ ಕಾರಣಗಳಲ್ಲಿ ಅಲ್ಪವಾದುದು ಯಾವುದು, ಪ್ರಾಣಾಪಾಯವನ್ನು ಸೂಚಿಸುವುದು ಯಾವುದು ಎಂಬುದನ್ನು ವಿಚಾರಮಾಡೋಣ.

ನಲ್ಲಿಯನ್ನು ತೆರೆದೊಡನೆ ನೀರಿನ ಒತ್ತಡವು ಗೀಸರಿನೊಳಗಿನ ತೆಳುವಾದ ಪೊರೆಯೊಂದನ್ನು ತಳ್ಳುತ್ತದೆ. ಆಗ ಬ್ಯಾಟರಿಯ ಬಲದಿಂದ ಕಿಡಿ ಹಾರಿ, ಗ್ಯಾಸಿನ ಕವಾಟ ತೆರೆದು, ಉರಿ ಹೊತ್ತುತ್ತದೆ. ಉರಿಯೊಳಕ್ಕೆ ಚಾಚಿರುವ ಲೋಹದ ಕಡ್ಡಿಯೊಂದು ಉರಿಯಿರುವುದನ್ನು ತಿಳಿಸುತ್ತಿರುವವರೆಗೆ ಮಾತ್ರ ಕವಾಟವು ತೆರೆದಿರುತ್ತದೆ. ಉರಿಯಿಲ್ಲದೆ ಗ್ಯಾಸು ಹೊರಸೂಸಬಾರದೆಂಬುದೇ ಈ ಏರ್ಪಾಡಿನ ಉದ್ದೇಶ.

ಆದಕಾರಣ ಗೀಸರು ಯಾವಾಗ ಆರುತ್ತದೆಂಬುದನ್ನು ಮೊದಲು ಗಮನಿಸತಕ್ಕದ್ದು. ಕಿಡಿಯ ಸದ್ದು ಕ್ಷೀಣವಾಗಿದ್ದರೆ ಬ್ಯಾಟರಿಯನ್ನು ಬದಲಿಸಬೇಕು. ಹೊತ್ತಿದ ಕೆಲವೇ ಕ್ಷಣಗಳಲ್ಲಿ ಆರುವುದಾದರೆ ಆ ಕಡ್ಡಿಗೆ ಮಸಿ ಹಿಡಿದಿರಬಹುದು, ಇಲ್ಲವೆ ಅದು ಸ್ಥಾನ ತಪ್ಪಿರಬಹುದು. ಅದು ತಿಳಿದ ಕೆಲಸಗಾರನು ಸರಿಪಡಿಸತಕ್ಕದ್ದು. ನಲ್ಲಿಯನ್ನು ಸಣ್ಣಗೆ ತಿರುಗಿಸಿದಾಗ ಆರಿದರೆ ನೀರಿನ ಒತ್ತಡ ಸಾಲದು. ನೀರು ಅತಿಯಾಗಿ ಕಾದು ಆರಿದರೆ ಉರಿಯನ್ನು ತಗ್ಗಿಸಿ ನೀರನ್ನು ಹೆಚ್ಚಿಸಬೇಕು. ಸುಮಾರು 20 ನಿಮಿಷಗಳಾದೊಡನೆ ತಪ್ಪದೆ ಆರುವಂತೆ ಹಲವು ಗೀಸರುಗಳಲ್ಲಿ ಕಾಲಮಿತಿಯೇ ಉಂಟು, ಅದು ದೋಷವಲ್ಲ.

ಇನ್ನುಳಿದ ಕಾರಣವೊಂದು ಗಂಭೀರವಾದುದು. ಬಾಗಿಲು ತೆರೆದಿರುವಾಗ ಚೆನ್ನಾಗಿ ಉರಿಯುವ ಗೀಸರು, ಬಾಗಿಲು ಕಿಟಕಿಗಳನ್ನು ಮುಚ್ಚಿದಾಗ ಆರುವುದಾದರೆ, ಕೋಣೆಯ ಗಾಳಿ ಸಾಲದೆಂದು ತಿಳಿಯಬೇಕು. ಆಮ್ಲಜನಕ ಕಡಿಮೆಯಾದೊಡನೆ ಉರಿಯನ್ನು ಆರಿಸುವ ಸಾಧನವು ಕೆಲವು ಗೀಸರುಗಳಲ್ಲಿದೆ. ಸರ್ ಹಂಫ್ರಿ ಡೇವಿಯವರು 1815ರಲ್ಲಿ ಗಣಿಗಾರರಿಗಾಗಿ ರಚಿಸಿದ ದೀಪವೂ ಆಮ್ಲಜನಕವಿಲ್ಲದೆಡೆ ಹೀಗೆಯೇ ಆರಿ ಎಚ್ಚರಿಕೆ ಕೊಡುತ್ತಿದ್ದಿತು. ಆ ಸಾಧನವು ಎಲ್ಲ ಗೀಸರುಗಳಲ್ಲಿಯೂ ಇಲ್ಲ. ಆದುದರಿಂದ ಉರಿ ಆರಲಿಲ್ಲವೆಂದ ಮಾತ್ರಕ್ಕೆ ಗಾಳಿ ಶುದ್ಧವಾಗಿದೆಯೆಂದು ನಂಬಲಾಗದು.

ಗಾಳಿ ಸಾಲದೆ ಉರಿದ ಗ್ಯಾಸಿನಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯು ಹುಟ್ಟುತ್ತದೆ. ನಮ್ಮ ಹಿರಿಯರ ಬಚ್ಚಲೊಲೆಯ ಹೊಗೆಯಾದರೋ ಕಣ್ಣುರಿಸಿ, ಕೆಮ್ಮಿಸಿ, ಒಳಗಿದ್ದವರನ್ನು ಹೊರಗಟ್ಟುತ್ತಿತ್ತು. ಈ ವಾಯುವಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾದ ಬಲದಿಂದ ಅಂಟಿಕೊಂಡು, ಅದು ದೇಹಕ್ಕೆ ಆಮ್ಲಜನಕ ದೊರೆಯದಂತೆ ಮಾಡುತ್ತದೆ. ತಲೆನೋವು, ತಲೆಸುತ್ತು, ಓಕರಿಕೆ ಮೊದಲಾಗಿ, ಕೂಗಿ ಕರೆಯುವ ಶಕ್ತಿಯೂ ಉಡುಗಿ ಪ್ರಜ್ಞೆ ತಪ್ಪಬಹುದು. ಬೆಂಗಳೂರಿನ ಸ್ನಾನದ ಮನೆಗಳಲ್ಲಿಯೂ ಈ ವಿಷಕ್ಕೆ ಜನರು ಬಲಿಯಾಗಿದ್ದಾರೆ.

ಆದಕಾರಣ ಗೀಸರನ್ನು ಸ್ನಾನದ ಮನೆಯ ಹೊರಗೆ, ಗಾಳಿಯಾಡುವ ಸ್ಥಳದಲ್ಲಿರಿಸಿ, ಬಿಸಿನೀರನ್ನು ಮಾತ್ರ ಕೊಳವೆಯಿಂದ ಒಳಕ್ಕೆ ತರುವುದೇ ಉತ್ತಮ. ಉರಿಯು ನೀಲಿಯಾಗಿರದೆ ಹಳದಿಯಾಗಿದ್ದರೆ, ಮಸಿ ಕಂಡರೆ, ಗೀಸರನ್ನು ನಿಲ್ಲಿಸಿ ಪರೀಕ್ಷೆ ಮಾಡಿಸತಕ್ಕದ್ದು. ಒಳಗಿದ್ದವರಿಗೆ ತಲೆಸುತ್ತು ಬಂದರೆ ಕೂಡಲೆ ಹೊರಗಾಳಿಗೆ ತಂದು ವೈದ್ಯರಲ್ಲಿಗೆ ಒಯ್ಯಬೇಕು. ಬಾಗಿಲು ತೆರೆಯುವವರು ತಾವೂ ಒಳಗೆ ನಿಲ್ಲಬಾರದು.

ಪದೇ ಪದೇ ಆರುತ್ತದೆಂಬ ಬೇಸರದಿಂದ ತಂತಿಗಳನ್ನು ನೇರವಾಗಿ ಜೋಡಿಸಿ, ಉರಿಯನ್ನು ಆರಿಸುವ ಸಾಧನವನ್ನೇ ತಪ್ಪಿಸಿಬಿಡುವ ಪರಿಪಾಟವೂ ಉಂಟು. ಇದಕ್ಕೆ ಎಂದಿಗೂ ಒಪ್ಪಬೇಡಿರಿ. ಬಾಗಿಲಲ್ಲಿ ಬೊಗಳಿದ ನಾಯಿಯ ಬಾಯಿ ಕಟ್ಟಿದರೆ ನಿದ್ರೆ ಬಂದೀತು. ಬಾಗಿಲಿಗೆ ಬಂದವನು ಹಿಂದಿರುಗುವುದಿಲ್ಲ.