ಎರಡು ತಪ್ಪು ಸೇರಿ ಒಂದು ಸರಿ

ಕೋಡ್ ಬರೆಯುವಾಗ ಒಮ್ಮೊಮ್ಮೆ ಹೀಗಾಗುತ್ತೆ: ಎರಡು ಕಡೆ ತಪ್ಪಿದ್ರೂ ಪ್ರೋಗ್ರಾಮ್ ಸರಿಯಾಗಿ ಓಡುತ್ತೆ. ಒಂದನ್ನು ಮಾತ್ರ ತಿದ್ದಿದ್ರೆ ಕೆಡುತ್ತೆ. ಆಗ ನಮಗೆ ಆ ಎರಡು ಸಾಲುಗಳಿಗೆ ನಂಟಿದೆ ಅಂತ ಗೊತ್ತಾಗುತ್ತೆ. ಬ್ಯಾಕ್ಟೀರಿಯಾದ ಸಿಗ್ಮಾ ಪ್ರೋಟೀನಿನ ಗುಟ್ಟು ಬಯಲಾದದ್ದೂ ಹೆಚ್ಚುಕಮ್ಮಿ ಇದೇ ದಾರಿಯಲ್ಲಿ.

ಡಿಎನ್‌ಎ ಓದಿ ಆರ್‌ಎನ್‌ಎ ಬರೆಯುವ ಯಂತ್ರ ಆರ್‌ಎನ್‌ಎ ಪಾಲಿಮರೇಸ್. ಅದಕ್ಕೆ ಬರೆಯೋಕೆ ಬರುತ್ತೆ, ಎಲ್ಲಿಂದ ಶುರು ಮಾಡಬೇಕು ಅನ್ನೋದು ಗೊತ್ತಿಲ್ಲ. ಆ ಜಾಗ ತೋರಿಸೋದು 1969ರಲ್ಲಿ ಪತ್ತೆಯಾದ ಸಿಗ್ಮಾ. ಇ. ಕೋಲಿಯಲ್ಲಿ 7 ಸಿಗ್ಮಾಗಳಿವೆ. ದಿನನಿತ್ಯದ ಕೆಲಸ ಸಿಗ್ಮಾ-70ರದ್ದು. ಬರವಣಿಗೆ ಶುರುವಾಗುವ ಜಾಗಕ್ಕಿಂತ ಸುಮಾರು 35 ಅಕ್ಷರ ಹಿಂದೆ 'ಟಿಟಿಜಿಎಸಿಎ', 10 ಅಕ್ಷರ ಹಿಂದೆ 'ಟಿಎಟಿಎಎಟಿ' ಎಂಬ ಗುರುತುಗಳಿರುತ್ತವೆ. ಈ ಭಾಗವೇ ಪ್ರೊಮೋಟರ್. ಸಿಗ್ಮಾ ಎರಡೂ ಗುರುತು ಹಿಡಿದು, ಹತ್ತಿರದ ಗುರುತಿನ ಬಳಿ ಡಿಎನ್‌ಎಯ ಎರಡು ಎಳೆಗಳನ್ನು ಬಿಚ್ಚೋಕೆ ನೆರವಾಗುತ್ತೆ.

ಸರಿ, ಸಿಗ್ಮಾದ 613 ಅಮೈನೋ ಆಮ್ಲಗಳಲ್ಲಿ ಯಾವುದು ಯಾವ ಅಕ್ಷರ ಓದುತ್ತೆ? ಆಗ ಇಡೀ ಯಂತ್ರದ ಸ್ಫಟಿಕ ಚಿತ್ರ ಇರಲಿಲ್ಲ. 1990ರ ಆಸುಪಾಸಿನಲ್ಲಿ ಸಂಶೋಧಕರು ಪ್ರೊಮೋಟರನ್ನೇ ಕೆಡಿಸಿದ್ರು: 'ಟಿಎಟಿಎಎಟಿ'ಯ ಮೊದಲ ಟಿ ಜಾಗಕ್ಕೆ ಸಿ. ಜೀನ್ ಮಂಕಾಯ್ತು. ಆಮೇಲೆ ಸಿಗ್ಮಾದ 437ನೇ ಜಾಗದ ಗ್ಲುಟಮೀನ್ ಬದಲು ಹಿಸ್ಟಿಡೀನ್ ಬಂದಾಗ ಅದೇ ಕೆಟ್ಟ ಪ್ರೊಮೋಟರ್ ಮತ್ತೆ ಚುರುಕಾಯ್ತು! ಅಂದ್ರೆ ಆ ಅಕ್ಷರವನ್ನು ಓದುವ ಜಾಗ ಇದೇ ಆಗಿರಬೇಕು. ದೂರದ ಗುರುತಿಗೂ ಹೀಗೇ 588ನೇ ಅರ್ಜಿನೀನ್ ಸಿಕ್ಕಿತು. 2002ರಲ್ಲಿ ಸ್ಫಟಿಕ ರಚನೆಗಳು ಬಂದಾಗ ಸಿಗ್ಮಾದ ಈ ಭಾಗಗಳು ಆಯಾ ಗುರುತಿನ ಬಳಿಯೇ ಕೂತಿದ್ದವು.

ಎಲ್ಲ ಮ್ಯುಟೇಶನ್ನೂ ಓದುವುದನ್ನೇ ಕೆಡಿಸಲ್ಲ. 437ರ ಪಕ್ಕದಲ್ಲೇ, 430ರ ಟೈರೋಸಿನ್, 433ರ ಟ್ರಿಪ್ಟೊಫ್ಯಾನ್‌ನಂಥ ಉಂಗುರವಿರುವ ಅಮೈನೋ ಆಮ್ಲಗಳಿವೆ. ಇವು ಬದಲಾದ್ರೆ ಪಾಲಿಮರೇಸ್ ಪ್ರೊಮೋಟರ್ ಮೇಲೆ ಕೂತರೂ ಎಳೆ ಬಿಚ್ಚೋಕೆ ಒದ್ದಾಡುತ್ತೆ. ಬೀಗದೊಳಗೆ ಕೀ ಹೋಯ್ತು, ತಿರುಗಲಿಲ್ಲ ಅನ್ನೋ ಹಾಗೆ. ಚಳಿ ಹೆಚ್ಚಾದಷ್ಟೂ ಕಷ್ಟ ಜಾಸ್ತಿ, ಯಾಕಂದ್ರೆ ಎಳೆ ಬಿಡಿಸೋಕೆ ಶಾಖದ ಸಹಾಯವೂ ಬೇಕು.

ಇಂಜಿನಿಯರ್‌ಗಳು ಇದನ್ನು ಸುಮ್ಮನೆ ಬಿಡಲಿಲ್ಲ. ಒಂದು ಸಿಗ್ಮಾ ಬದಲಾದ್ರೆ ನೂರಾರು ಜೀನ್‌ಗಳ ವಾಲ್ಯೂಮ್ ಒಟ್ಟಿಗೆ ಬದಲಾಗುತ್ತೆ ಅಲ್ವಾ? 2007ರಲ್ಲಿ ಆಲ್ಪರ್ ಮತ್ತು ಸ್ಟೆಫನೊಪೌಲಸ್ ಸಿಗ್ಮಾ-70ರ ಜೀನ್‌ನಲ್ಲಿ ಬೇಕಂತಲೇ ಮ್ಯುಟೇಶನ್ ತಂದು, ಎಥನಾಲ್ ತಡೆದುಕೊಳ್ಳುವ ಇ. ಕೋಲಿಯನ್ನು ಆರಿಸಿ ತೆಗೆದರು.

ಮುಂದಿನ ಸಲ ಎರಡು ಬಗ್ ಸೇರಿ ಕೋಡ್ ಓಡಿದ್ರೆ, ತಕ್ಷಣ ಅಳಿಸಬೇಡಿ. ಯಾವುದು ಯಾವುದನ್ನು ಮುಟ್ಟುತ್ತಿದೆ ಅಂತ ಮೊದಲು ನೋಡೋಣ.