ಮೂಕ ಕೀಗಳ ಲೆಕ್ಕ

ಕಳೆದ ತಿಂಗಳು ಚೆನ್ನೈಯಲ್ಲಿ ಎರಡು ಹಳೆಯ ಡಿಜಿಟಲ್ ಪಿಯಾನೊಗಳನ್ನು ನೋಡಿದೆ. ವೇಳಚೇರಿಯ ನೆಲಮಹಡಿ ಮನೆಯಲ್ಲಿದ್ದದ್ದು 88 ಕೀಗಳಲ್ಲೂ ಚೆನ್ನಾಗಿ ನುಡಿಯಿತು. ಬೆಸೆಂಟ್ ನಗರದ್ದರಲ್ಲಿ 11 ಕೀ ಮೂಕ. ಬೆಲೆ ಹೆಚ್ಚುಕಡಿಮೆ ಒಂದೇ. ಪಿಯಾನೊ ಕಲಿಯುತ್ತಿರುವ ನನ್ನ ತಂಗಿಯ ಮಗಳು ಮೊದಲನೆಯದರ ಮುಂದೆ ಕೂತವಳು ಏಳಲೊಲ್ಲಳು. ನಾನು ಕೊಂಡದ್ದು ಎರಡನೆಯದನ್ನು. ಅವಳು ದಾರಿಯುದ್ದಕ್ಕೂ ಮಾತಾಡಲಿಲ್ಲ. ಅವಳಿಗೆ ಹೇಳಿದ ವಿವರಣೆಯೇ ಈ ಲೇಖನ.

ಹಾರ್ಮೋನಿಯಂನಲ್ಲಿ ಪ್ರತಿ ಸ್ವರಕ್ಕೂ ಅದರದೇ ಹಿತ್ತಾಳೆಯ ರೀಡು. ಒಂದು ಕೆಟ್ಟರೆ ಪಕ್ಕದ್ದಕ್ಕೆ ಗೊತ್ತೇ ಆಗದು. ಡಿಜಿಟಲ್ ಪಿಯಾನೊದ ಕೀಗಳು ಹಾಗಲ್ಲ. ಅವು ತಂತಿಗಳನ್ನು ಹಂಚಿಕೊಂಡಿವೆ. ಹಾಗಾಗಿ ಎಷ್ಟು ಕೀ ಸತ್ತಿವೆ ಎನ್ನುವುದಕ್ಕಿಂತ ಯಾವ ಯಾವ ಕೀ ಸತ್ತಿವೆ ಎಂಬುದನ್ನು ಮೊದಲು ನೋಡಬೇಕು.

ಟಿವಿ ರಿಮೋಟ್ ಬಿಚ್ಚಿದವರು ಅದರೊಳಗಿನ ರಬ್ಬರ್ ಹಾಳೆಯನ್ನೂ ಗುಂಡಿಗಳ ಬೆನ್ನಿಗಿರುವ ಕಪ್ಪು ಚುಕ್ಕೆಯನ್ನೂ ಕಂಡಿರುತ್ತಾರೆ. ಕಾರ್ಬನ್ನಿನ ಆ ಚುಕ್ಕೆ ಕೆಳಗಿನ ಬೋರ್ಡಿಗೆ ತಾಗಿದರೆ ವಿದ್ಯುತ್ ಹರಿಯುತ್ತದೆ. ಪಿಯಾನೊದ ಪ್ರತಿ ಕೀಯಡಿಯಲ್ಲೂ ಇದೇ ಏರ್ಪಾಡು. ಆದರೆ ಚುಕ್ಕೆಗಳು ಕನಿಷ್ಠ ಎರಡು, ಒಂದು ತುಸು ಮೊದಲು ತಾಗುವಂತೆ, ಇನ್ನೊಂದು ತುಸು ಆಮೇಲೆ. ಎರಡರ ನಡುವಿನ ಕೆಲವೇ ಮಿಲಿಸೆಕೆಂಡುಗಳನ್ನು ಯಂತ್ರ ಅಳೆಯುತ್ತದೆ. ಅಂತರ ಕಿರಿದಾದರೆ ಜೋರಾಗಿ ಹೊಡೆದಿರಿ ಎಂದು ತಿಳಿಯುತ್ತದೆ, ಹಿರಿದಾದರೆ ಮೆಲ್ಲಗೆ ಎಂದು. ಎಲೆಕ್ಟ್ರಾನಿಕ್ ವಾದ್ಯಗಳ ನಡುವಿನ ಸಂಕೇತಭಾಷೆಯಾಗಿ 1983ರಲ್ಲಿ ಬಂದ ಮಿಡಿ (MIDI) ಪದ್ಧತಿಯಲ್ಲಿ ಈ ರಭಸಕ್ಕೆ 1ರಿಂದ 127ರವರೆಗೆ ಅಂಕಿ. ಬೆರಳಿನ ಭಾವವೆಲ್ಲ ಕಾಲದ ಲೆಕ್ಕವಾಗಿ ಒಳಹೋಗುವ ಈ ಜಾಣತನ ನನಗೆ ಇಂದಿಗೂ ಬೆರಗು.

ಮೊದಲ ಚುಕ್ಕೆಗೆ ಧೂಳು ಮೆತ್ತಿದರೆ ಅದು ತಡವಾಗಿ ತಾಗುತ್ತದೆ, ಅಂತರ ಕುಗ್ಗುತ್ತದೆ. ಎಷ್ಟೇ ನಯವಾಗಿ ಒತ್ತಿದರೂ ಆ ಸ್ವರ ಸಿಡಿಯುತ್ತದೆ. ಅಲ್ಲೊಂದು ಇಲ್ಲೊಂದು ಕೀ ಹೀಗೆ ಕಿರುಚಿದರೆ ಹೆದರಬೇಕಿಲ್ಲ. ಬಿಚ್ಚಿ, ಐಸೋಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿದರೆ ಎಷ್ಟೋ ಸಲ ಸಾಕು. ಇಲ್ಲವಾದರೆ ರಬ್ಬರ್ ಪಟ್ಟಿ ಬದಲಿಸಬೇಕು.

ಇನ್ನು ತಂತಿಯ ಹಂಚಿಕೆ. 88 ಕೀಗೆ ಎರಡರಂತೆ 176 ಸ್ವಿಚ್ಚು. ಒಂದೊಂದಕ್ಕೂ ಬೇರೆ ತಂತಿ ಎಳೆದರೆ ಒಳಗೆ ಜಡೆಯೇ ಆದೀತು. ಅದಕ್ಕೇ ಚೌಕುಳಿ ಜೋಡಣೆ: ಕೀಗಳನ್ನು ಎಂಟೆಂಟರ ಗುಂಪು ಮಾಡಿ, ಗುಂಪಿಗೊಂದು ಅಡ್ಡತಂತಿ, ಗುಂಪಿನೊಳಗಿನ ಸ್ಥಾನಕ್ಕೊಂದು ಉದ್ದತಂತಿ. ಯಂತ್ರ ಒಂದೊಂದೇ ಗುಂಪನ್ನು ಅತಿವೇಗದಲ್ಲಿ ಸರದಿಯಂತೆ ಕೇಳುತ್ತಾ ಹೋಗುತ್ತದೆ. ಅಡ್ಡತಂತಿ ಕಡಿದರೆ ಅಕ್ಕಪಕ್ಕದ ಎಂಟು ಕೀ ಒಟ್ಟಿಗೆ ಸಾಯುತ್ತವೆ. ಉದ್ದತಂತಿ ಕಡಿದರೆ ಪ್ರತಿ ಎಂಟನೆಯದು.

ಬೆಸೆಂಟ್ ನಗರದಲ್ಲಿ ಎಡತುದಿಯಿಂದ ಒಂದೊಂದೇ ಒತ್ತುತ್ತಾ ಎಣಿಸಿದೆ. ಮೂರನೆಯದು ಮೂಕ, ಹನ್ನೊಂದನೆಯದು ಮೂಕ, ಹತ್ತೊಂಬತ್ತನೆಯದು ಮೂಕ. ಅಲ್ಲಿಗೇ ಅರ್ಧ ನೆಮ್ಮದಿ! ಹನ್ನೊಂದು ಕಾಯಿಲೆಯಲ್ಲ, ಒಂದೇ. ಆಮೇಲೆ ಡೆಮೊ ಹಾಡಿನ ಗುಂಡಿ ಒತ್ತಿದೆ. ಡೆಮೊ ನುಡಿಸಲು ಕೀ ಬೇಕಿಲ್ಲ. ಸ್ವರ ಹುಟ್ಟಿಸುವ ಚಿಪ್ಪು, ಆಂಪ್ಲಿಫೈಯರ್, ಸ್ಪೀಕರ್ ಸಾಕು. ಹಾಡು ಶುದ್ಧವಾಗಿ ಬಂತು. ಅದು ಬಾರದೆ ಹೆಡ್‌ಫೋನಿನಲ್ಲೂ ಮೌನವೇ ಇದ್ದಿದ್ದರೆ, ಅಡಾಪ್ಟರ್ ಬದಲಿಸಿ ನೋಡಿ ವಾಪಸು ಬರುತ್ತಿದ್ದೆ. ಅಡಾಪ್ಟರ್, ಕೆಪಾಸಿಟರ್, ಕನೆಕ್ಟರ್ ಎಲ್ಲ ಇಲ್ಲಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ರಿಚ್ಚಿ ಸ್ಟ್ರೀಟಿನಲ್ಲಿ ಹುಡುಕಬಹುದು. ಆದರೆ ತಯಾರಕರು ತಮ್ಮ ವಾದ್ಯಕ್ಕೆಂದೇ ಮಾಡಿಸಿದ ಸ್ವರದ ಚಿಪ್ಪು ಬಿಡಿಯಾಗಿ ಸಿಗುವ ವಸ್ತುವಲ್ಲ.

ಹಾಗಾದರೆ ಎಲ್ಲ ಸ್ವರವೂ ನುಡಿದ ವೇಳಚೇರಿಯ ಪಿಯಾನೊ ಯಾಕೆ ಬೇಡ? ಅದನ್ನು ಬೋರಲು ಹಾಕಿ ನೋಡಿದ್ದೆ. ತಳದ ಹಲಗೆ ಅಂಚಿನಲ್ಲಿ ಉಬ್ಬಿತ್ತು, ಸ್ಕ್ರೂಗಳ ತಲೆಯಲ್ಲಿ ಕಂದು ತುಕ್ಕು, ಸಂದಿಯಲ್ಲಿ ಒಣಗಿದ ಕೆಸರಿನ ಗೆರೆ. 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತದಲ್ಲಿ ವೇಳಚೇರಿ ಮುಳುಗಿದ್ದು ನೆನಪಾಯಿತು. ಕೇಳಿದಾಗ ಮನೆಯವರು ಮುಚ್ಚಿಡದೆ ಒಪ್ಪಿಕೊಂಡರು. ನೆರೆನೀರು ಒಣಗಿದರೂ ಅದರ ಉಪ್ಪು ಬೋರ್ಡಿನ ಮೇಲೇ ಉಳಿಯುತ್ತದೆ. ಮಳೆಗಾಲದ ತೇವ ಅದನ್ನು ಮತ್ತೆ ಎಬ್ಬಿಸಿದಾಗ ತಾಮ್ರದ ಸಣ್ಣ ಗೆರೆಗಳು ಹಸಿರಾಗಿ ಸವೆಯುತ್ತವೆ. ಕೀಗೆ ಭಾರ ಕೊಡಲು ಇಟ್ಟ ಉಕ್ಕಿನ ತುಂಡುಗಳೂ ತುಕ್ಕು ಹಿಡಿಯುತ್ತವೆ. ಇಂದು ನುಡಿದದ್ದು ಮುಂದಿನ ಮಳೆಗೆ ಎಲ್ಲೆಲ್ಲಿ ಕೈಕೊಡುತ್ತದೆಂದು ಹೇಳಲಾಗದು. ಆಗ ಕೆಡುವುದು ಒಂದು ತಂತಿಯಲ್ಲ.

ಬೆಸೆಂಟ್ ನಗರಕ್ಕೂ ಕಡಲ ಗಾಳಿಯ ಕಾಟವಿದೆ, ನಿಜ.   ಈ ಉಪ್ಪುಗಾಳಿಗೆ ಹಳೆಯ ಪಿಯಾನೊಗಳ ಉಕ್ಕಿನ ತಂತಿಗಳೂ ತುಕ್ಕು ಹಿಡಿಯುತ್ತಿದ್ದವು. ಆದರೆ ಗಾಳಿ ಹೊರಮೈಯಿಂದ ಮೆಲ್ಲಗೆ ತಿನ್ನುತ್ತದೆ, ತೆರೆದ ಕನೆಕ್ಟರನ್ನು ಮೊದಲು ಹಿಡಿಯುತ್ತದೆ.

ಮನೆಗೆ ತಂದು ಬಿಚ್ಚಿದಾಗ ಸಿಕ್ಕಿದ್ದು ಅದೇ. ಚಪ್ಪಟೆ ಕೇಬಲ್ಲಿನ ತುದಿಯ ಒಂದು ಪಿನ್ನಿನ ಸುತ್ತ ಬೆಳ್ಳಗಿನ ಪುಡಿ. ಕಿತ್ತು, ಒರೆಸಿ, ಮತ್ತೆ ಚುಚ್ಚಿದೆ. ಹನ್ನೊಂದೂ ಒಟ್ಟಿಗೆ ನುಡಿದವು. ಬಲಗಡೆಯ ಒಂದು ಸ್ವರ ಮಾತ್ರ ಎರಡು ಸಲ ಒರೆಸಿದರೂ ಸಿಡಿಯುತ್ತಲೇ ಇದೆ. ಅದರ ರಬ್ಬರ್ ಪಟ್ಟಿ ತರಿಸಲು ಹೇಳಿದ್ದೇನೆ. "ಅದು ಬರೋವರೆಗೂ ಆ ಕೀ ಇಲ್ಲದ ಪಾಠ ಅಭ್ಯಾಸ ಮಾಡ್ತೀನಿ ಮಾಮ" ಎಂದು ಹುಡುಗಿ ಪುಸ್ತಕ ತಿರುವತೊಡಗಿದಳು.